ಗಿಡ್ಡ ನಳಿಗೆಯ ಹಳೆಯ ರಿವಾಲ್ವರ್‌ಗಳನ್ನು ಸಂಗ್ರಹಿಸುವ ಬಗೆ

ಎರಡು ಇಂಚಿನ ನಳಿಗೆಯ ಹಳೆಯ ರಿವಾಲ್ವರೊಂದು ಕಣ್ಣಿಗೆ ಬಿದ್ದಾಗ ಸಂಗ್ರಾಹಕನು ತನ್ನನ್ನು ತಾನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಇದು ಗಿಡ್ಡವಾದದ್ದು ಎಲ್ಲಿ ಎಂಬುದು. ಕಾರ್ಖಾನೆಯಿಂದಲೇ ಗಿಡ್ಡ ನಳಿಗೆಯೊಡನೆ ಹೊರಬಂದವು ಒಂದು ಜಾತಿ. ನಾಲ್ಕೋ ಆರೋ ಇಂಚಿನ ನಳಿಗೆಯೊಡನೆ ಹೊರಬಂದು, ಮುಂದೆಂದೋ ಯಾರದೋ ಕೈಯ ಗರಗಸಕ್ಕೆ ಸಿಕ್ಕು ಗಿಡ್ಡವಾದವು ಇನ್ನೊಂದು ಜಾತಿ. ನೋಟದಲ್ಲಿ ಇವೆರಡರ ಅಂತರ ಕೂದಲೆಳೆಯಷ್ಟಾದರೂ ಬೆಲೆಯಲ್ಲಿ ಮಾತ್ರ ಅಜಗಜಾಂತರ. ಹಳೆಯ ನಾಣ್ಯವನ್ನು ನಕಲಿಸಬೇಕಾದರೆ ಅಚ್ಚು ಬೇಕು, ಹಳೆಯ ಅಂಚೆಚೀಟಿಯನ್ನು ನಕಲಿಸಬೇಕಾದರೆ ಮುದ್ರಣ ಬೇಕು. ಅಪರೂಪದ ಗಿಡ್ಡ ರಿವಾಲ್ವರನ್ನು ನಕಲಿಸುವುದಕ್ಕೆ ಒಂದು ಗರಗಸ, ಒಂದು ಅರ ಮತ್ತು ಒಂದು ಸಂಜೆ ಸಾಕು. ಆದ್ದರಿಂದ ಈ ಹವ್ಯಾಸದಲ್ಲಿ ಕಲಿಯಬೇಕಾದ ವಿದ್ಯೆಯ ಬಹುಪಾಲು ಅಂಕಿ, ಅಕ್ಷರ ಮತ್ತು ಕಾಗದಗಳನ್ನು ಓದುವ ವಿದ್ಯೆಯೇ ಆಗಿದೆ.

ಈ ಬಗೆಯ ಸಂಗ್ರಹದ ನಿಜವಾದ ನೆಲೆ ಅಮೆರಿಕ. ಕೋಲ್ಟ್ ಕಂಪನಿಯ ಹಾರ್ಟ್‌ಫರ್ಡ್, ಸ್ಮಿತ್ ಅಂಡ್ ವೆಸನ್ ಕಂಪನಿಯ ಸ್ಪ್ರಿಂಗ್‌ಫೀಲ್ಡ್, ಇವೆರಡು ಊರುಗಳ ನಡುವಿನ ದೂರ ಐವತ್ತು ಕಿಲೋಮೀಟರಿಗೂ ಕಡಿಮೆ. ಸಂಗ್ರಾಹಕರು ಬೆನ್ನು ಹತ್ತುವ ಗಿಡ್ಡ ರಿವಾಲ್ವರ್‌ಗಳಲ್ಲಿ ಬಹುಪಾಲು ಈ ಸಣ್ಣ ಪ್ರದೇಶದಲ್ಲೇ ಹುಟ್ಟಿದವು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿಗೂ ಬೆಲ್ಜಿಯಮ್ಮಿನ ಲಿಯೇಜಿಗೂ ಈ ಕಥೆಯಲ್ಲಿ ಪಾಲುಂಟು. ಮುಂದೆ ಹೇಳುವುದು ಹೆಚ್ಚಾಗಿ ಅಮೆರಿಕದಲ್ಲಿ ಕಾನೂನುಬದ್ಧವಾಗಿ ನೆಲೆಸಿರುವ ಕನ್ನಡಿಗರಿಗೆ ಅನ್ವಯಿಸುತ್ತದೆ. ಊರಿನಲ್ಲಿರುವವರ ಮಾತನ್ನೂ ಒಂದೆಡೆ ಹೇಳುತ್ತೇನೆ, ಆದರೆ ಅಲ್ಲಿ ಹೇಳುವುದಕ್ಕಿರುವುದು ಹೆಚ್ಚಾಗಿ ‘ಬೇಡ’ ಎಂಬುದೇ.

ಮೊದಲು ಕಾನೂನು

ಅಮೆರಿಕದ ಕನ್ನಡಿಗರಲ್ಲಿ ಬಹಳ ಮಂದಿಗೆ ತಿಳಿಯದ ಸಂಗತಿಯೊಂದಿದೆ. ಎಚ್‌-1ಬಿ, ಎಲ್‌-1, ಎಫ್‌-1 ಮೊದಲಾದ ವಲಸೆಯೇತರ ವೀಸಾಗಳಲ್ಲಿ ಒಳಬಂದವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದನ್ನು ಅಲ್ಲಿನ ಫೆಡರಲ್ ಕಾನೂನು ನಿಷೇಧಿಸುತ್ತದೆ. ಬೇಟೆಯ ಪರವಾನಗಿ ಉಳ್ಳವರಿಗೆ ವಿನಾಯಿತಿಯಿದೆಯಾದರೂ, ವೀಸಾವೇ ಜೀವನೋಪಾಯವಾಗಿರುವವರು ಅಂಥ ಕಿರುದಾರಿಯನ್ನು ನಂಬಿ ಸಂಗ್ರಹಕ್ಕೆ ಕೈಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಗ್ರೀನ್ ಕಾರ್ಡ್ ಬಂದ ಮೇಲೆ, ಅಥವಾ ಪೌರತ್ವ ದೊರೆತ ಮೇಲೆ, ವಕೀಲರೊಬ್ಬರನ್ನು ಕೇಳಿ ಶುರುಮಾಡಿದರೆ ಯಾವ ಅವಕಾಶವೂ ತಪ್ಪಿಹೋಗುವುದಿಲ್ಲ; ನೂರು ವರ್ಷ ಕಾದ ರಿವಾಲ್ವರ್ ಇನ್ನೈದು ವರ್ಷ ಕಾಯುತ್ತದೆ.

ಫೆಡರಲ್ ಕಾನೂನು ಹಳೆಯ ಬಂದೂಕುಗಳನ್ನು ಎರಡು ಗೆರೆಗಳಿಂದ ವಿಂಗಡಿಸುತ್ತದೆ. 1898ರಲ್ಲಿ ಅಥವಾ ಅದಕ್ಕೂ ಮುಂಚೆ ತಯಾರಾದವು ‘ಆಂಟಿಕ್’ ಎನಿಸಿಕೊಂಡು, 1968ರ ಬಂದೂಕು ನಿಯಂತ್ರಣ ಕಾಯ್ದೆಯ ಮಟ್ಟಿಗೆ ಬಂದೂಕುಗಳೇ ಅಲ್ಲ. ಐವತ್ತು ವರ್ಷ ತುಂಬಿದವು ‘ಕ್ಯೂರಿಯೋ ಮತ್ತು ರೆಲಿಕ್’ ವರ್ಗಕ್ಕೆ ಸೇರುತ್ತವೆ. ಈ ಎರಡನೆಯ ವರ್ಗಕ್ಕಾಗಿಯೇ ಸಂಗ್ರಾಹಕರ ಪರವಾನಗಿಯೊಂದಿದೆ. ಮೂರು ವರ್ಷಕ್ಕೆ ಅದರ ಶುಲ್ಕ 30 ಡಾಲರ್. ಇದನ್ನು ಪಡೆದವರು ಬೇರೆ ರಾಜ್ಯದ ಮಾರಾಟಗಾರರಿಂದಲೂ ಇಂಥ ರಿವಾಲ್ವರನ್ನು ನೇರವಾಗಿ ತರಿಸಿಕೊಳ್ಳಬಹುದು, ಆದರೆ ಬಂದದ್ದು ಹೋದದ್ದನ್ನೆಲ್ಲ ದಿನಾಂಕ, ತಯಾರಕ, ಮಾದರಿ, ಕ್ರಮಸಂಖ್ಯೆ ಮತ್ತು ಕೊಟ್ಟವರ ವಿವರಗಳೊಡನೆ ಪುಸ್ತಕದಲ್ಲಿ ಬರೆದಿಡಬೇಕು, ವ್ಯಾಪಾರ ಮಾಡುವಂತಿಲ್ಲ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಕೇವಲ ವಯಸ್ಸಿನ ಬಲದಿಂದ ಈ ವರ್ಗಕ್ಕೆ ಸೇರಬೇಕಾದ ಬಂದೂಕು ತನ್ನ ಮೂಲರೂಪದಲ್ಲೇ ಇರಬೇಕು. ಅಂದರೆ ಗರಗಸವು ಬೆಲೆಯನ್ನು ಕೆಡಿಸುವುದಲ್ಲದೆ ಕಾನೂನಿನ ಸ್ಥಾನವನ್ನೂ ಕೆಡಿಸಬಲ್ಲದು. ಇದರ ಮೇಲೆ ರಾಜ್ಯಗಳ ಕಾನೂನುಗಳಿವೆ. ನ್ಯೂಯಾರ್ಕ್, ನ್ಯೂಜೆರ್ಸಿ, ಮ್ಯಾಸಚೂಸೆಟ್ಸ್, ಕ್ಯಾಲಿಫೋರ್ನಿಯಾಗಳಲ್ಲಿ ಅವು ಬಿಗಿ, ಟೆಕ್ಸಸ್‌ನಂಥ ಕಡೆ ಸಡಿಲ. ಮನೆ ಬದಲಿಸುವಾಗ ಇದನ್ನು ಮರೆತು ತೊಂದರೆಗೆ ಸಿಕ್ಕಿಕೊಂಡವರುಂಟು.

ಭಾರತದಲ್ಲಿ ಸ್ಥಿತಿ ಬೇರೆ. 1959ರ ಆಯುಧ ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿಯ ನಂತರ ಸಾಮಾನ್ಯ ಪರವಾನಗಿದಾರನೊಬ್ಬ ಎರಡಕ್ಕಿಂತ ಹೆಚ್ಚು ಬಂದೂಕುಗಳನ್ನು ಇಟ್ಟುಕೊಳ್ಳುವಂತಿಲ್ಲ. ಅದಕ್ಕೂ ಮುಂಚೆ ಈ ಮಿತಿ ಮೂರಿತ್ತು. ಪಿತ್ರಾರ್ಜಿತವಾಗಿ ಬಂದವೂ ಈ ಲೆಕ್ಕದೊಳಗೇ. ದುರಸ್ತಿ ಮಾಡಿದರೂ ಹಾರದಂಥ, ಬಳಕೆ ತಪ್ಪಿದ ಹಳೆಯ ಆಯುಧಕ್ಕೆ ಕಾಯ್ದೆಯ 45ನೆಯ ಕಲಮಿನಲ್ಲಿ ವಿನಾಯಿತಿಯಿದ್ದರೂ, ನಿಮ್ಮ ಅಟ್ಟದ ಮೇಲಿರುವುದು ಆ ಬಗೆಯದ್ದೇ ಎಂದು ತೀರ್ಮಾನಿಸುವವರು ನೀವಲ್ಲ. ತಾತನ ಕಾಲದ ವೆಬ್ಲಿ ರಿವಾಲ್ವರೊಂದು ಹಳೆಯ ಟ್ರಂಕಿನಲ್ಲಿ ಸಿಕ್ಕರೆ ಮೊದಲ ಹೆಜ್ಜೆ ಪರವಾನಗಿ ನೀಡುವ ಅಧಿಕಾರಿಯ ಕಡೆಗಿರಬೇಕು. ಅದನ್ನು ಅಮೆರಿಕದ ಸಂಗ್ರಹಕ್ಕೆ ಸೇರಿಸಿಕೊಳ್ಳುವ ಆಸೆಯನ್ನಂತೂ ಬಿಡಬೇಕು. ನೂರು ವರ್ಷ ದಾಟಿದ ಐತಿಹಾಸಿಕ ವಸ್ತುಗಳು 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ, ಅವನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ.

ಬ್ರಿಟನ್ನಿನಲ್ಲಿರುವವರಿಗೆ ಒಂದೇ ಮಾತು. ಬಳಕೆಯಿಂದ ಹೋದ ತೋಟಾಗಳ ಪಟ್ಟಿಯಲ್ಲಿದ್ದ ಹಳೆಯ ಕೈಬಂದೂಕುಗಳನ್ನು ಅಲ್ಲಿ ಪರವಾನಗಿಯಿಲ್ಲದೆ ಅಲಂಕಾರಕ್ಕೆ ಇಟ್ಟುಕೊಳ್ಳಬಹುದಿತ್ತು. 2021ರಲ್ಲಿ ಆ ಪಟ್ಟಿಯಿಂದ ಏಳು ತೋಟಾಗಳನ್ನು ತೆಗೆದರು, ಅವುಗಳಲ್ಲಿ ಬುಲ್‌ಡಾಗ್ ರಿವಾಲ್ವರ್‌ಗಳಿಗೆ ಬಳಕೆಯಾಗುತ್ತಿದ್ದ .442 ಕೂಡ ಒಂದು (ತೋಟಾದ ಹೆಸರಿನ ಇಂಥ ಅಂಕಿ ಗುಂಡಿನ ವ್ಯಾಸವನ್ನು ಸುಮಾರಾಗಿ ಇಂಚಿನಲ್ಲಿ ಹೇಳುತ್ತದೆ). ಹಳೆಯ ಲೇಖನಗಳನ್ನು ಓದಿಕೊಂಡು ಕೊಳ್ಳಲು ಹೊರಟರೆ ಕಷ್ಟ.

ಒಂದು ಓಣಿಯನ್ನು ಆರಿಸಿಕೊಳ್ಳಿ

ಸಿಕ್ಕಿದ್ದನ್ನೆಲ್ಲ ಕೊಳ್ಳುವವನು ಹತ್ತು ವರ್ಷದ ಮೇಲೆ ನೋಡಿದರೆ ಅವನ ಬಳಿ ಇರುವುದು ಗುಜರಿಯೇ. ಒಂದು ಮಾದರಿಯನ್ನೋ ಒಂದು ಕಾಲಘಟ್ಟವನ್ನೋ ಆರಿಸಿಕೊಂಡು ಅದರ ಒಳಹೊರಗನ್ನು ತಿಳಿದವನ ಕಣ್ಣಿಗೆ ಮಾತ್ರ ಸುಳ್ಳು ಎದ್ದು ಕಾಣುತ್ತದೆ. ಆರಿಸಿಕೊಳ್ಳಲು ಓಣಿಗಳು ಹಲವಿವೆ.

ಹತ್ತೊಂಬತ್ತನೆಯ ಶತಮಾನದ ಮೇಲೆ ಮನಸ್ಸಿದ್ದರೆ ಬುಲ್‌ಡಾಗ್ ಇದೆ. ಬರ್ಮಿಂಗ್‌ಹ್ಯಾಮಿನ ಫಿಲಿಪ್ ವೆಬ್ಲಿ ಅಂಡ್ ಸನ್ 1872ರಲ್ಲಿ ತಂದ, ಎರಡೂವರೆ ಇಂಚಿನ ನಳಿಗೆಯ, ಐದು ಗುಂಡಿನ ಈ ಕಿಸೆ ರಿವಾಲ್ವರನ್ನು ಲಿಯೇಜಿನ ಕಾರ್ಖಾನೆಗಳೂ ಅಮೆರಿಕದ ಫೋರ್‌ಹ್ಯಾಂಡ್ ಅಂಡ್ ವಾಡ್ಸ್‌ವರ್ತ್, ಐವರ್ ಜಾನ್ಸನ್ ಮೊದಲಾದ ಕಂಪನಿಗಳೂ ಲೆಕ್ಕವಿಲ್ಲದಷ್ಟು ಅನುಕರಿಸಿದವು. ಹೀಗಾಗಿ ‘ಬುಲ್‌ಡಾಗ್’ ಎಂಬ ಹೆಸರಿದ್ದ ಮಾತ್ರಕ್ಕೆ ಅದು ಅಪರೂಪವಾಗುವುದಿಲ್ಲ. ವೆಬ್ಲಿಯ ಮುದ್ರೆಯುಳ್ಳ, ಲೇಪ ಉಳಿದಿರುವ ಪ್ರತಿ ಮಾತ್ರ ಅಪರೂಪ. ಚಾರ್ಲ್ಸ್ ಗಿಟೋ 1881ರ ಜುಲೈ 2ರಂದು ವಾಷಿಂಗ್ಟನ್ನಿನ ರೈಲು ನಿಲ್ದಾಣದಲ್ಲಿ ಅಧ್ಯಕ್ಷ ಗಾರ್‌ಫೀಲ್ಡರ ಮೇಲೆ ಹಾರಿಸಿದ್ದು ಇಂಥದೇ .442 ಬುಲ್‌ಡಾಗ್. ಆ ರಿವಾಲ್ವರ್ ಮುಂದೆ ಸ್ಮಿತ್ಸೋನಿಯನ್ ಸಂಸ್ಥೆಯ ವಶಕ್ಕೆ ಬಂದು, ಅಲ್ಲಿಂದ ಎಲ್ಲಿ ಹೋಯಿತೋ ತಿಳಿಯದಂತೆ ಕಳೆದುಹೋಯಿತು. ಅದೇ ಇದು ಎಂದು ಯಾರಾದರೂ ನಿಮಗೆ ಮಾರಲು ಬಂದರೆ ನಕ್ಕು ಮುಂದೆ ಹೋಗಿ.

ಇಪ್ಪತ್ತನೆಯ ಶತಮಾನದ ಓಣಿಗೆ ಹೆಬ್ಬಾಗಿಲು ಕೋಲ್ಟ್ ಡಿಟೆಕ್ಟಿವ್ ಸ್ಪೆಷಲ್. 1927ರಲ್ಲಿ ಬಂದ ಇದು, ಪೊಲೀಸ್ ಪಾಸಿಟಿವ್ ಸ್ಪೆಷಲ್ ಎಂಬ ಉದ್ದ ನಳಿಗೆಯ ರಿವಾಲ್ವರಿನ ಫ್ರೇಮಿನ, ಅಂದರೆ ಒಡಲಿನ, ಮೇಲೆಯೇ ಎರಡು ಇಂಚಿನ ನಳಿಗೆಯನ್ನು ಕೂರಿಸಿದ, .38 ಸ್ಪೆಷಲ್ ತೋಟಾದ, ಆರು ಗುಂಡಿನ ಆಯುಧ. ಸಂಗ್ರಾಹಕರು ಇದನ್ನು ಕಾಲಾನುಕ್ರಮದಲ್ಲಿ ವಿಂಗಡಿಸುತ್ತಾರೆ: 1927ರಿಂದ 1946ರವರೆಗಿನದು ಮೊದಲ ಸರಣಿ, 1947ರಿಂದ 1972ರವರೆಗಿನದು ಎರಡನೆಯದು, 1973ರ ನಂತರದ್ದು ಮೂರನೆಯದು. ಮೂರನೆಯದನ್ನು ಗುರುತಿಸುವುದು ಸುಲಭ, ಏಕೆಂದರೆ ಅದರಲ್ಲಿ ಖಾಲಿ ತೋಟಾಗಳನ್ನು ಹೊರದೂಡುವ, ನಳಿಗೆಯ ಕೆಳಗಿನ ಎಜೆಕ್ಟರ್ ಸಲಾಕೆಗೆ ಲೋಹದ ಹೊದಿಕೆಯಿದೆ. ಮೊದಲ ಸರಣಿಯಲ್ಲೂ ಆರಂಭದ ವರ್ಷಗಳ ಪ್ರತಿಗಳ ಹಿಡಿಯ ಬುಡ ಚೌಕ, ಆಮೇಲಿನವುಗಳದ್ದು ದುಂಡು. ಚೌಕ ಬುಡದವನ್ನು ಹುಡುಕುವವರು ಹೆಚ್ಚು. ಹೊಸಬರಿಗೆ ನಾನು ಹೇಳುವುದು ಎರಡನೆಯ ಸರಣಿಯಿಂದ ಶುರುಮಾಡಿ ಎಂದು. ಅವು ಸಾಕಷ್ಟು ಸಿಗುತ್ತವೆ, ತಪ್ಪು ಮಾಡಿದರೂ ಕೈ ಸುಡುವುದಿಲ್ಲ.

ಡಿಟೆಕ್ಟಿವ್‌ನ ತಮ್ಮ ಬ್ಯಾಂಕರ್ಸ್ ಸ್ಪೆಷಲ್ ನಿಜಕ್ಕೂ ಕಷ್ಟದ ಬೇಟೆ. 1928ರಲ್ಲಿ ಶುರುವಾಗಿ ಎರಡನೆಯ ಮಹಾಯುದ್ಧದ ಹೊತ್ತಿಗೆ ನಿಂತುಹೋದ ಇದು ಒಟ್ಟು ತಯಾರಾದದ್ದು ಸುಮಾರು 35,000. ಹೆಸರು ಬ್ಯಾಂಕಿನದಾದರೂ ದೊಡ್ಡ ಗಿರಾಕಿ ಅಮೆರಿಕದ ರೈಲ್ವೆ ಅಂಚೆ ಇಲಾಖೆ. ಓಡುವ ರೈಲಿನಲ್ಲಿ ಟಪಾಲು ವಿಂಗಡಿಸುತ್ತಿದ್ದ ಗುಮಾಸ್ತರ ಸೊಂಟದಲ್ಲಿ ಇದಿರುತ್ತಿತ್ತು, ಆ ಪ್ರತಿಗಳ ಮೇಲೆ ಇಲಾಖೆಯ ಆರ್.ಎಂ.ಎಸ್. (ರೈಲ್ವೆ ಮೇಲ್ ಸರ್ವಿಸ್) ಮುದ್ರೆಯಿದೆ. ಹೆಚ್ಚಿನವು .38 ಎಸ್ ಅಂಡ್ ಡಬ್ಲ್ಯು (ಸ್ಮಿತ್ ಅಂಡ್ ವೆಸನ್) ತೋಟಾದವು; .22ರದ್ದು ಬಹಳ ಕಡಿಮೆ, ಬೆಲೆಯೂ ಅದಕ್ಕೆ ತಕ್ಕಂತೆ.

ಸ್ಮಿತ್ ಅಂಡ್ ವೆಸನ್ ಕಡೆಗೆ ಬಂದರೆ, 1936ರ ಟೆರಿಯರ್ ಎಂಬ ಐದು ಗುಂಡಿನ ಪುಟ್ಟದರಿಂದ ಹಿಡಿದು 1950ರ ಚೀಫ್ಸ್ ಸ್ಪೆಷಲ್, ಕಂಪನಿಯ ನೂರನೆಯ ವರ್ಷದ ನೆನಪಿಗೆ 1952ರಲ್ಲಿ ತಂದ ಸೆಂಟೆನಿಯಲ್, 1955ರ ಬಾಡಿಗಾರ್ಡ್ ತನಕ ಒಂದು ಸಂಸಾರವೇ ಇದೆ. ಚೀಫ್ಸ್ ಸ್ಪೆಷಲ್ ಎಂಬ ಹೆಸರು ಬಂದದ್ದು ಕೊಲರಾಡೋ ಸ್ಪ್ರಿಂಗ್ಸ್‌ನಲ್ಲಿ ನಡೆದ ಪೊಲೀಸ್ ಮುಖ್ಯಸ್ಥರ ಸಮಾವೇಶದಲ್ಲಿ ಅದನ್ನು ಮೊದಲು ತೋರಿಸಿದ್ದರಿಂದ. ಮೊದಲ ಎರಡು ಮೂರು ವರ್ಷಗಳ ಪ್ರತಿಗಳಲ್ಲಿ ಟ್ರಿಗರ್ ಸುತ್ತಲಿನ ಬಳೆ ಚಿಕ್ಕದು, ಮುಂದಿನ ಗುರಿಮೊನೆ ಅರ್ಧಚಂದ್ರಾಕಾರ. ಇವನ್ನು ‘ಬೇಬಿ ಚೀಫ್’ ಎಂದು ಮುದ್ದಿನಿಂದ ಕರೆಯುತ್ತಾರೆ. 1957ರಿಂದ ಕಂಪನಿ ಹೆಸರಿನ ಜೊತೆಗೆ ಮಾದರಿ ಸಂಖ್ಯೆಯನ್ನೂ ಕೊಟ್ಟಿತು, ಚೀಫ್ಸ್ ಸ್ಪೆಷಲ್ 36 ಆಯಿತು, ಸೆಂಟೆನಿಯಲ್ 40 ಆಯಿತು. ತೋಟಾ ತುಂಬುವ ಸಿಲಿಂಡರನ್ನು ಹೊರಕ್ಕೆ ಹೊರಳಿಸಿದಾಗ ಕಾಣುವ ಫ್ರೇಮಿನ ಸಂದಿಯಲ್ಲಿ ಈ ಸಂಖ್ಯೆಯನ್ನು ಒತ್ತಿರುತ್ತಾರೆ. ಸಂಖ್ಯೆ ಇಲ್ಲದಿದ್ದರೆ ಅದು ಹೆಚ್ಚುಕಡಿಮೆ 1957ಕ್ಕಿಂತ ಹಿಂದಿನದು ಎಂದು ಒಂದೇ ನೋಟಕ್ಕೆ ಹೇಳಬಹುದು. ಸಿಲಿಂಡರ್ ಬಿಚ್ಚುವ ಗುಂಡಿ ಚಪ್ಪಟೆಯಾಗಿದ್ದರೆ 1960ರ ದಶಕದ ನಡುವಿಗಿಂತ ಹಿಂದಿನದು, ಮರದ ಹಿಡಿಯ ತಿರುಪಿನ ಸುತ್ತ ವಜ್ರಾಕಾರದ ಜಾಗ ಬಿಟ್ಟಿದ್ದರೆ 1968ಕ್ಕಿಂತ ಹಿಂದಿನದು. ಆದರೆ ಹಿಡಿಯನ್ನು ಬದಲಿಸುವುದು ಎರಡು ನಿಮಿಷದ ಕೆಲಸವಾದ್ದರಿಂದ ಅದರ ಸಾಕ್ಷ್ಯವನ್ನು ಒಂಟಿಯಾಗಿ ನಂಬಬಾರದು.

ಹಗುರ ಲೋಹದ ಓಣಿಯಲ್ಲಿ ಎಲ್ಲರ ಕಣ್ಣೂ ಏರ್‌ಕ್ರೂಮನ್ ಮೇಲೆ. 1950ರ ದಶಕದ ಆರಂಭದಲ್ಲಿ ಅಮೆರಿಕದ ವಾಯುಪಡೆ ವಿಮಾನ ಸಿಬ್ಬಂದಿಗಾಗಿ ಅಲ್ಯೂಮಿನಿಯಂ ಫ್ರೇಮು ಮಾತ್ರವಲ್ಲದೆ ಅಲ್ಯೂಮಿನಿಯಂ ಸಿಲಿಂಡರನ್ನೂ ಹೊಂದಿದ ರಿವಾಲ್ವರ್‌ಗಳನ್ನು ಎರಡೂ ಕಂಪನಿಗಳಿಂದ ಮಾಡಿಸಿತು. ಕೋಲ್ಟಿನದು 11 ಔನ್ಸ್, ಅಂದರೆ ಮುನ್ನೂರು ಗ್ರಾಮಿಗೆ ಸ್ವಲ್ಪ ಹೆಚ್ಚು. ತಯಾರಾದದ್ದು 1,200ಕ್ಕೂ ಕಡಿಮೆ. ಸಿಲಿಂಡರುಗಳು ಸಿಡಿಯುವ ಭಯದಿಂದ ದಶಕ ಮುಗಿಯುವ ಹೊತ್ತಿಗೆ ಅವನ್ನೆಲ್ಲ ಹಿಂದಕ್ಕೆ ಪಡೆದು ನಾಶಪಡಿಸಿದರು. ತಪ್ಪಿಸಿಕೊಂಡ ಕೆಲವೇ ಕೆಲವು ಇಂದು ಚಿನ್ನದ ತೂಕಕ್ಕೆ ಮಾರಾಟವಾಗುತ್ತವೆ. ಹಿಡಿಯ ಹಿಂಬದಿಯ ಬೆನ್ನಪಟ್ಟಿಯ ಮೇಲೆ ವಾಯುಪಡೆಯ ಆಸ್ತಿ ಎಂದು ಕೊರೆದಿರುವ ವಸ್ತು ಸರ್ಕಾರದ ಕೈಯಿಂದ ಹೇಗೆ ಹೊರಬಂತು ಎಂಬುದಕ್ಕೆ ಕಾಗದವಿಲ್ಲದಿದ್ದರೆ ಅಂಥದ್ದನ್ನು ನಾನಾದರೆ ಮುಟ್ಟುವುದಿಲ್ಲ. ಮತ್ತೊಂದು ಮಾತು: ಸಿಕ್ಕರೂ ಅದರಲ್ಲಿ ಗುಂಡು ಹಾರಿಸುವ ಯೋಚನೆಯನ್ನೇ ಮಾಡಬಾರದು.

ಗರಗಸದ ಗುರುತು ಹಿಡಿಯುವುದು

ಇನ್ನು ಪರೀಕ್ಷೆ. ಕೈಗೆ ತೆಗೆದುಕೊಂಡ ಕೂಡಲೇ ಸಿಲಿಂಡರನ್ನು ಹೊರಳಿಸಿ ಎಲ್ಲ ಕೋಣೆಗಳೂ ಬರಿದಾಗಿವೆಯೇ ಎಂದು ಕಣ್ಣಾರೆ ನೋಡಬೇಕು. ಮಾರುವವನು ‘ಖಾಲಿ’ ಎಂದದ್ದಕ್ಕೆ ಯಾವ ಬೆಲೆಯೂ ಇಲ್ಲ. ಕೋಲ್ಟಿನಲ್ಲಿ ಬಿಚ್ಚುವ ಗುಂಡಿಯನ್ನು ಹಿಂದಕ್ಕೆ ಎಳೆಯಬೇಕು, ಸ್ಮಿತ್‌ನಲ್ಲಿ ಮುಂದಕ್ಕೆ ತಳ್ಳಬೇಕು. ಹಾಗೆ ತೆರೆದ ಸಿಲಿಂಡರನ್ನು ಸಿನಿಮಾದವರಂತೆ ಮಣಿಕಟ್ಟಿನ ಒಂದು ಝಟಕೆಯಿಂದ ಮುಚ್ಚಿದರೆ ಅದನ್ನು ಹೊತ್ತಿರುವ ಕ್ರೇನ್ ಎಂಬ ತೋಳು ಬಾಗುತ್ತದೆ, ಮಾರುವವನು ನಿಮ್ಮನ್ನು ನೋಡುವ ನೋಟವೂ ಬದಲಾಗುತ್ತದೆ.

ನಳಿಗೆಯನ್ನು ಅಳೆಯುವುದು ಸಿಲಿಂಡರಿಗೆ ಎದುರಾಗಿರುವ ತುದಿಯಿಂದ ಮೂತಿಯವರೆಗೆ. ಕ್ಯಾಟಲಾಗಿನಲ್ಲಿ ಎರಡು ಇಂಚು ಎಂದಿದ್ದರೂ ಚೀಫ್ಸ್ ಸ್ಪೆಷಲ್ ವಾಸ್ತವದಲ್ಲಿ 1⅞ ಇಂಚು, ಇದು ದೋಷವಲ್ಲ. ಅಳತೆಗಿಂತ ಹೆಚ್ಚು ಮಾತನಾಡುವುದು ನಳಿಗೆಯ ಮೇಲಿನ ಬರಹ. ಕಾರ್ಖಾನೆಯ ಗಿಡ್ಡ ನಳಿಗೆಯಲ್ಲಿ ಕಂಪನಿಯ ವಿಳಾಸವನ್ನು ಆ ಚಿಕ್ಕ ಜಾಗಕ್ಕೆಂದೇ ಹೊಂದಿಸಿ, ಎರಡೂ ಕಡೆ ಒಪ್ಪವಾಗಿ ಅಂಚು ಬಿಟ್ಟು ಒತ್ತಿರುತ್ತಾರೆ. ಕತ್ತರಿಸಿದ ನಳಿಗೆಯಲ್ಲಿ ಅಕ್ಷರಗಳು ಮೂತಿಯ ಹತ್ತಿರ ಮುಗ್ಗರಿಸುತ್ತವೆ, ಇಲ್ಲವೇ ಸಾಲಿನ ಬಾಲವೇ ಕಳೆದಿರುತ್ತದೆ. ಮೂತಿಯ ಅಂಚಿನ ದುಂಡು ಸಮವಾಗಿದೆಯೇ, ಮುಂದಿನ ಗುರಿಮೊನೆಯ ಬುಡದಲ್ಲಿ ಬೆಸುಗೆಯ ಬೆಳ್ಳಿಬಣ್ಣದ ಗೆರೆ ಕಾಣುತ್ತದೆಯೇ, ಎಜೆಕ್ಟರ್ ಸಲಾಕೆ ಕಾರ್ಖಾನೆಯ ಗಿಡ್ಡ ಸಲಾಕೆಯೋ ಅಥವಾ ಉದ್ದದ್ದನ್ನು ತುಂಡರಿಸಿದ್ದೋ, ಇವನ್ನು ಭೂತಗನ್ನಡಿಯಲ್ಲಿ ನೋಡಬೇಕು.

ಮೊದಲ ಸಲ ನಾನು ಮೋಸಹೋದದ್ದೂ ಇಲ್ಲಿಯೇ. ಡಿಟೆಕ್ಟಿವ್ ಮತ್ತು ಪೊಲೀಸ್ ಪಾಸಿಟಿವ್ ಸ್ಪೆಷಲ್ ಎರಡಕ್ಕೂ ಒಂದೇ ಫ್ರೇಮ್, ಒಂದೇ ಕ್ರಮಸಂಖ್ಯೆಯ ಸಾಲು. ಹಾಗಾಗಿ ಬರೀ ಸಂಖ್ಯೆಯಿಂದ ಯಾವುದು ಯಾವುದೆಂದು ತಿಳಿಯುವುದಿಲ್ಲ. ಮೇಳವೊಂದರಲ್ಲಿ ಸಂಜೆಯ ಮಂದ ಬೆಳಕಿನಲ್ಲಿ ಕೊಂಡ ‘1930ರ ಡಿಟೆಕ್ಟಿವ್’ ಮನೆಗೆ ಬಂದ ಮೇಲೆ, ನಳಿಗೆಯ ಎಡಬದಿಯ ಹೆಸರು ಅಷ್ಟೊಂದು ಸವೆದದ್ದೇಕೆ, ಬಲಬದಿಯ ಬರಹ ಅಷ್ಟು ಚೊಕ್ಕವಾಗಿ ಉಳಿದದ್ದೇಕೆ ಎಂಬ ಅನುಮಾನ ಹುಟ್ಟಿತು. ಕಾರ್ಖಾನೆಯ ದಾಖಲೆ ಪತ್ರ ತರಿಸಿದಾಗ ಅದರಲ್ಲಿ ನಳಿಗೆ: ನಾಲ್ಕು ಇಂಚು ಎಂದಿತ್ತು. ಆ ಪತ್ರವನ್ನು ಇಂದಿಗೂ ಇಟ್ಟುಕೊಂಡಿದ್ದೇನೆ, ರಿವಾಲ್ವರನ್ನು ಮಾತ್ರ ಇದ್ದದ್ದನ್ನು ಇದ್ದಂತೆ ಹೇಳಿ ಕಡಿಮೆ ಬೆಲೆಗೆ ಕೊಟ್ಟುಬಿಟ್ಟೆ.

ಎರಡನೆಯ ಪರೀಕ್ಷೆ ಲೇಪದ್ದು. ಕಾರ್ಖಾನೆಯ ನೀಲಿಗಪ್ಪು ಹೊಳಪು ಸವೆದರೂ ಮರ್ಯಾದೆಯಿಂದ ಸವೆಯುತ್ತದೆ, ಮೂತಿಯ ಅಂಚು, ಸಿಲಿಂಡರಿನ ಉಬ್ಬು, ಹಿಡಿಯ ಬೆನ್ನು, ಹೀಗೆ ಚರ್ಮದ ಒರೆಗೂ ಬೆವರಿದ ಅಂಗೈಗೂ ತಗಲುವ ಕಡೆಗಳಲ್ಲಿ. ಮರುಲೇಪ ಹಚ್ಚಿದ್ದರೆ ಅದಕ್ಕೂ ಮುಂಚೆ ಯಂತ್ರದಲ್ಲಿ ಉಜ್ಜಿರುತ್ತಾರೆ. ಚೂಪಾಗಿರಬೇಕಾದ ಅಂಚುಗಳು ದುಂಡಾಗಿರುತ್ತವೆ, ತಿರುಪಿನ ತೂತುಗಳ ಸುತ್ತ ತಟ್ಟೆಯಂಥ ತಗ್ಗು ಬಿದ್ದಿರುತ್ತದೆ, ಅಕ್ಷರಗಳ ಅಂಚು ಕರಗಿರುತ್ತದೆ. ಕೋಲ್ಟಿನ ಪಕ್ಕದ ಮೇಲಿರುವ, ಮುಂಗಾಲೆತ್ತಿ ನಿಂತ ಕುದುರೆಮರಿಯ ಕಾಲುಗಳು ಮಸುಕಾಗಿದ್ದರೆ ಅನುಮಾನಪಡಿ. (ನಮ್ಮಲ್ಲಿ ಕೋವಿಯ ಬಡಿಯುವ ಭಾಗವಾದ ಹ್ಯಾಮರನ್ನೇ ಕುದುರೆ ಎನ್ನುವುದರಿಂದ, ಕೋಲ್ಟಿನಲ್ಲಿ ಎರಡು ಕುದುರೆಗಳಿವೆ ಎಂದು ಹೇಳಬಹುದು.) ಸ್ಮಿತ್ ಅಂಡ್ ವೆಸನ್‌ನಲ್ಲಿ ಹ್ಯಾಮರ್ ಮತ್ತು ಟ್ರಿಗರ್‌ಗಳ ಮೇಲೆ ಕುಲುಮೆಯ ಹದದಿಂದ ಬಂದ ಕಂದು ನೀಲಿ ಬಣ್ಣಗಳ ಚಿತ್ತಾರವಿರಬೇಕು, ಅವುಗಳ ಮೇಲೂ ನಿಕ್ಕಲ್ ಬಳಿದಿದ್ದರೆ ಕೆಲಸ ಕಾರ್ಖಾನೆಯದಲ್ಲ. ಕಾರ್ಖಾನೆಯೇ ಮರುಲೇಪ ಮಾಡಿಕೊಟ್ಟಿದ್ದರೆ ಹಿಡಿಯ ಬುಡದಲ್ಲಿ, ಕ್ರಮಸಂಖ್ಯೆಯ ಹತ್ತಿರ, ಪುಟ್ಟ ನಕ್ಷತ್ರವನ್ನು ಒತ್ತುವ ರೂಢಿ ಇತ್ತು. ನಕ್ಷತ್ರದ ಪ್ರತಿ ಸಂಗ್ರಹಕ್ಕೆ ಯೋಗ್ಯವೇ, ಆದರೆ ಮೂಲಲೇಪದ ಬೆಲೆ ಕೊಡಬಾರದು.

ಆಮೇಲೆ ಸಂಖ್ಯೆಗಳು. ಯುದ್ಧಪೂರ್ವದ ಸ್ಮಿತ್ ಅಂಡ್ ವೆಸನ್‌ನಲ್ಲಿ ಹಿಡಿಯ ಬುಡ, ಸಿಲಿಂಡರಿನ ಹಿಂಬದಿ, ನಳಿಗೆಯ ಅಡಿ, ಬಲಗಡೆಯ ಮರದ ಹಿಡಿಯ ಒಳಮೈ, ಇಷ್ಟೂ ಕಡೆ ಒಂದೇ ಸಂಖ್ಯೆ ಇರಬೇಕು. ಕೋಲ್ಟಿನಲ್ಲಿ ಕ್ರೇನ್ ಮೇಲಿನದೂ ಅದು ಕೂರುವ ಫ್ರೇಮಿನ ಸಂದಿಯದೂ ಹೊಂದಬೇಕು. ನಳಿಗೆಯ ಸಂಖ್ಯೆ ಹೊಂದದಿದ್ದರೆ ಉದ್ದ ನಳಿಗೆಯನ್ನು ಬಿಚ್ಚಿ ಬೇರೊಂದರ ಗಿಡ್ಡ ನಳಿಗೆಯನ್ನು ತಿರುಚಿ ಕೂರಿಸಿದ್ದಾರೆ ಎಂದರ್ಥ. ಇದು ಗರಗಸಕ್ಕಿಂತ ಜಾಣ ಮೋಸ, ಏಕೆಂದರೆ ನಳಿಗೆಯ ಬರಹ ಅಪ್ಪಟವಾಗಿರುತ್ತದೆ.

ಯಂತ್ರದ ಪರೀಕ್ಷೆಗೆ ಮಾರುವವನ ಅನುಮತಿ ಕೇಳಿ. ಬರಿದಾದ ರಿವಾಲ್ವರಿನ ಹ್ಯಾಮರನ್ನು ನಿಧಾನವಾಗಿ ಎಳೆಯುತ್ತ, ಇನ್ನೊಂದು ಕೈಯ ಬೆರಳಿನಿಂದ ಸಿಲಿಂಡರಿಗೆ ತುಸು ತಡೆ ಕೊಟ್ಟರೆ, ಹ್ಯಾಮರ್ ಪೂರ್ತಿ ಹಿಂದೆ ಬರುವಷ್ಟರಲ್ಲಿ ಸಿಲಿಂಡರ್ ತನ್ನ ಜಾಗದಲ್ಲಿ ಕಟ್ಟನೆ ನಿಲ್ಲಬೇಕು. ಟ್ರಿಗರ್ ಒತ್ತಿ ಹಿಡಿದಾಗ ಹಳೆಯ ಕೋಲ್ಟಿನ ಸಿಲಿಂಡರ್ ಕಬ್ಬಿಣದ ತಿಜೋರಿಯಂತೆ ಅಲುಗದೆ ನಿಲ್ಲಬೇಕು. ಸ್ಮಿತ್‌ನಲ್ಲಿ ಒಂದಿಷ್ಟು ಅಲುಗಾಟ ಸಹಜ. ಕೋಬ್ರಾ, ಏರ್‌ವೇಟ್ ಮೊದಲಾದ ಅಲ್ಯೂಮಿನಿಯಂ ಫ್ರೇಮಿನವುಗಳಲ್ಲಿ ನಳಿಗೆ ತಿರುಚಿ ಕೂರುವ ಜಾಗದ ಕೆಳಗೆ ಕೂದಲು ಬಿರುಕು ಬಿಟ್ಟಿದೆಯೇ ಎಂದು ಸಿಲಿಂಡರ್ ತೆರೆದು ನೋಡಬೇಕು. ಬಿರುಕಿದ್ದರೆ ಯಾವ ರಿಯಾಯಿತಿಗೂ ಮರುಳಾಗದೆ ಕೆಳಗಿಡಿ. 1877ರ ಕೋಲ್ಟ್ ಡಬಲ್ ಆಕ್ಷನ್‌ನಂಥ ಇನ್ನೂ ಹಳೆಯವುಗಳ ಒಳಯಂತ್ರ ಹೊಸತಿರುವಾಗಲೇ ಸೂಕ್ಷ್ಮ. ಅವನ್ನು ಮತ್ತೆ ಮತ್ತೆ ಎಳೆದು ನೋಡುವುದೇ ತಪ್ಪು.

ಕಾಗದವಿಲ್ಲದೆ ಅಪರೂಪವಿಲ್ಲ

ಎರಡೂ ಕಂಪನಿಗಳ ಹಳೆಯ ರವಾನೆ ದಾಖಲೆಗಳು ಉಳಿದಿವೆ. ಕ್ರಮಸಂಖ್ಯೆ ಕೊಟ್ಟು ಶುಲ್ಕ ಕಟ್ಟಿದರೆ, ಆ ರಿವಾಲ್ವರ್ ಯಾವ ದಿನ, ಯಾರಿಗೆ, ಎಷ್ಟು ಇಂಚಿನ ನಳಿಗೆಯೊಡನೆ, ಯಾವ ಲೇಪದಲ್ಲಿ ಕಾರ್ಖಾನೆ ಬಿಟ್ಟಿತು ಎಂಬ ಪತ್ರ ಬರುತ್ತದೆ. ಕೋಲ್ಟಿನ ಪತ್ರವನ್ನು ಅದರ ದಾಖಲಾತಿ ವಿಭಾಗವೂ, ಸ್ಮಿತ್ ಅಂಡ್ ವೆಸನ್‌ನದನ್ನು ಅದರ ಹಿಸ್ಟಾರಿಕಲ್ ಫೌಂಡೇಶನ್ನೂ ಕೊಡುತ್ತವೆ. ದುಬಾರಿ ವಸ್ತುವಾದರೆ ಕೊಳ್ಳುವ ಮುನ್ನವೇ ಪತ್ರ ತರಿಸುವಂತೆ ಷರತ್ತು ಹಾಕಿ. ಒಪ್ಪದವನ ಬಳಿ ಕಾರಣವಿರುತ್ತದೆ.

ಈ ಪತ್ರದ ಮಹತ್ವ ತಿಳಿಯಬೇಕಾದರೆ ಫಿಟ್ಜ್ ಸ್ಪೆಷಲ್ ಕಡೆ ನೋಡಬೇಕು. 1918ರಿಂದ 1944ರವರೆಗೆ ಕೋಲ್ಟಿನಲ್ಲಿದ್ದ ಜಾನ್ ಹೆನ್ರಿ ಫಿಟ್ಜ್‌ಜೆರಾಲ್ಡ್ ಎಂಬಾತ ಕಾರ್ಖಾನೆಯೊಳಗೇ ಕೆಲವು ರಿವಾಲ್ವರ್‌ಗಳ ನಳಿಗೆಯನ್ನು ಎರಡು ಇಂಚಿಗೆ ಇಳಿಸಿ, ಹಿಡಿಯನ್ನು ಮೋಟುಮಾಡಿ, ಹ್ಯಾಮರಿನ ಕೊಂಬನ್ನು ಕತ್ತರಿಸಿ, ಟ್ರಿಗರ್ ಬಳೆಯ ಮುಂಭಾಗವನ್ನೇ ತೆಗೆದುಹಾಕಿದ. ಭಾರಿ .45 ನ್ಯೂ ಸರ್ವಿಸ್‌ಗಳೆರಡನ್ನು ಹೀಗೆ ಮಾಡಿಕೊಂಡು ಷರಾಯಿಯ ಎರಡು ಜೇಬುಗಳಲ್ಲಿ ಇಟ್ಟುಕೊಂಡು ತಿರುಗುತ್ತಿದ್ದನಂತೆ. ಇಲ್ಲಿ ನೋಡಿ, ಅಸಲಿಯೂ ಗರಗಸದ್ದೇ, ನಕಲಿಯೂ ಗರಗಸದ್ದೇ! ಆ ಕಾಲದ ಊರೂರ ಬಂದೂಕು ರಿಪೇರಿಯವರೆಲ್ಲ ಇದನ್ನು ನೋಡಿ ತಾವೂ ಮಾಡಿದರು. ಅಸಲಿಯನ್ನು ನಕಲಿಯಿಂದ ಬೇರ್ಪಡಿಸುವುದು ಕೆಲಸದ ನಯ ಒಂದಿಷ್ಟು, ಕಾರ್ಖಾನೆಯ ಪತ್ರ ಪೂರ್ತಿಯಾಗಿ. ಪತ್ರವಿಲ್ಲದ ಫಿಟ್ಜ್ ನನ್ನ ಲೆಕ್ಕದಲ್ಲಿ ಹಾಳುಮಾಡಿದ ಕೋಲ್ಟ್ ಅಷ್ಟೇ. ಕೋಲ್ಟ್ ಬಿಡಿಭಾಗವಾಗಿ ಮಾರುತ್ತಿದ್ದ ಹ್ಯಾಮರ್ ಹೊದಿಕೆಯ ವಿಷಯವೂ ಹೀಗೆಯೇ: ಕಾರ್ಖಾನೆಯಲ್ಲೇ ಕೂರಿಸಿದ್ದಾದರೆ ಪತ್ರದಲ್ಲಿ ಅದರ ಸುಳಿವು ಸಿಗಬಹುದು, ಮನೆಯಲ್ಲಿ ತೂತು ಕೊರೆದು ಕೂರಿಸಿದ್ದಾದರೆ ಬೆಲೆ ಇಳಿಯುತ್ತದೆ.

ಹಿನ್ನೆಲೆಯ ಕಥೆಗೆ ಬೆಲೆ ಕೊಡುವ ಮುನ್ನ ಆ ಕಥೆಯಲ್ಲಿ ಕ್ರಮಸಂಖ್ಯೆ ಇದೆಯೇ ನೋಡಿ. ಜ್ಯಾಕ್ ರೂಬಿ 1963ರ ನವೆಂಬರ್ 24ರಂದು ಅಧ್ಯಕ್ಷ ಕೆನಡಿಯ ಹತ್ಯೆಯ ಆರೋಪಿ ಲೀ ಹಾರ್ವಿ ಆಸ್ವಾಲ್ಡ್‌ನನ್ನು ಕೊಂದದ್ದು ಕೋಲ್ಟ್ ಕೋಬ್ರಾದಿಂದ. ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳಬಹುದಾಗಿದ್ದ ಆ ಸಾಧಾರಣ ರಿವಾಲ್ವರ್ 1991ರ ಹರಾಜಿನಲ್ಲಿ 2,20,000 ಡಾಲರಿಗೆ ಹೋಯಿತು, ಏಕೆಂದರೆ ಅದರ ಸಂಖ್ಯೆ ಅಧಿಕೃತ ದಾಖಲೆಗಳಲ್ಲಿತ್ತು. ‘ನಮ್ಮಜ್ಜ ಶಿಕಾಗೋದ ಪತ್ತೇದಾರನಾಗಿದ್ದ’ ಎಂಬ ಮಾತಿಗೆ, ಇಲಾಖೆಯ ಹಳೆಯ ರಸೀದಿಯಿಲ್ಲದಿದ್ದರೆ, ಒಂದು ಕಪ್ ಕಾಫಿಯ ಬೆಲೆಯೂ ಇಲ್ಲ. ಮೂಲ ರಟ್ಟಿನ ಪೆಟ್ಟಿಗೆಯ ವಿಷಯ ಹಾಗಲ್ಲ. ಅದರ ಮೇಲೋ ತಳದಲ್ಲೋ ಬರೆದಿರುವ ಸಂಖ್ಯೆ ರಿವಾಲ್ವರಿನದಕ್ಕೆ ಹೊಂದಿದರೆ ಹೆಚ್ಚಿನ ಹಣ ಕೊಡುವುದು ನ್ಯಾಯವೇ. ಹೊಂದದ ಪೆಟ್ಟಿಗೆ ಬರೀ ಪೆಟ್ಟಿಗೆ.

ಕಣ್ಣು ಪಳಗಿಸಲು ಮ್ಯೂಸಿಯಂಗಳಿಗಿಂತ ಒಳ್ಳೆಯ ಶಾಲೆಯಿಲ್ಲ. ಹಾರ್ಟ್‌ಫರ್ಡ್‌ನ ಕನೆಕ್ಟಿಕಟ್ ಇತಿಹಾಸ ಮ್ಯೂಸಿಯಂನಲ್ಲಿ ಕೋಲ್ಟ್ ಕಾರ್ಖಾನೆಯ ಸ್ವಂತ ಸಂಗ್ರಹವಿದೆ, ವಯೋಮಿಂಗ್‌ನ ಕೋಡಿಯಲ್ಲಿ ದೊಡ್ಡ ಬಂದೂಕು ಮ್ಯೂಸಿಯಂ ಇದೆ, ಇಂಗ್ಲೆಂಡಿನ ಲೀಡ್ಸ್‌ನಲ್ಲಿ ರಾಯಲ್ ಆರ್ಮರೀಸ್ ಇದೆ. ದೊಡ್ಡ ಹರಾಜು ಸಂಸ್ಥೆಗಳು ಹರಾಜಿಗೆ ಮುನ್ನ ವಸ್ತುಗಳನ್ನು ನೋಡಲು ಬಿಡುತ್ತವೆ. ಕೊಳ್ಳದಿದ್ದರೂ ಹೋಗಿ ನೋಡಬೇಕು. ಹರಾಜಿನ ಕೂಗು ನಿಂತ ಬೆಲೆಯ ಮೇಲೆ ಕೊಳ್ಳುವವನು ಕಟ್ಟಬೇಕಾದ ಕಮಿಷನ್ ಬೇರೆ ಇರುತ್ತದೆಂಬುದನ್ನು ಮರೆತು ಕೈ ಎತ್ತಬಾರದು.

ಮನೆಗೆ ತಂದ ಮೇಲೆ

ಕೊಂಡದ್ದನ್ನು ಹೊಳೆಯುವಂತೆ ಮಾಡುವ ಚಟವನ್ನು ಮೊದಲ ದಿನವೇ ಬಿಡಬೇಕು. ಲೋಹದ ಪಾಲಿಶ್ ಒಂದು ಸಲ ಉಜ್ಜಿದರೆ ತೊಂಬತ್ತು ವರ್ಷದ ಬಣ್ಣ ಹೋಗುತ್ತದೆ. ತೆಳುವಾಗಿ ಎಣ್ಣೆ ಸವರುವುದು, ಇಲ್ಲವೇ ಮ್ಯೂಸಿಯಂಗಳಲ್ಲಿ ಬಳಸುವ ರೆನೆಸಾನ್ಸ್ ಮೇಣದ ಒಂದು ಪದರ, ಅಷ್ಟು ಸಾಕು. ನಿಕ್ಕಲ್ ಲೇಪದವುಗಳಿಗೆ ಅಮೋನಿಯಾ ಇರುವ ದ್ರಾವಣ ಮುಟ್ಟಿಸಬಾರದು. ಲೇಪದ ಕೆಳಗೆ ತಾಮ್ರದ ಪದರವಿದ್ದರೆ ಅದನ್ನು ತಿಂದು ಲೇಪವನ್ನೇ ಎಬ್ಬಿಸುತ್ತದೆ. ಜೊತೆಗೆ ಬಂದ ಚರ್ಮದ ಒರೆ ಎಷ್ಟೇ ಸೊಗಸಾಗಿದ್ದರೂ ರಿವಾಲ್ವರನ್ನು ಅದರೊಳಗೆ ಇಡಕೂಡದು; ಹದಮಾಡಿದ ಚರ್ಮದಲ್ಲಿರುವ ಆಮ್ಲವೂ ತೇವವೂ ಲೋಹಕ್ಕೆ ತುಕ್ಕನ್ನು ಬಳುವಳಿ ಕೊಡುತ್ತವೆ. ಎರಡನ್ನೂ ಪಕ್ಕಪಕ್ಕ ಬೇರೆಯಾಗಿ ಇಡಿ. ತಿಜೋರಿಯ ಗಾಳಿಯ ತೇವಾಂಶ ಶೇ 50ರ ಆಸುಪಾಸಿನಲ್ಲಿರಲಿ, ಸಿಲಿಕಾ ಜೆಲ್ ಚೀಲಗಳನ್ನು ಆಗಾಗ ಒಣಗಿಸಿ. ಬರಿಗೈಯಲ್ಲಿ ಮುಟ್ಟಿದರೆ ಒರೆಸಿ ಇಡಿ, ಏಕೆಂದರೆ ಬೆರಳಚ್ಚಿನ ಉಪ್ಪು ವಾರದೊಳಗೆ ಕಂದು ಗುರುತಾಗಬಲ್ಲದು. ತಿರುಪು ಬಿಚ್ಚಬೇಕಾದರೆ ಅದರ ತಲೆಯ ಸೀಳಿಗೆ ಸರಿಯಾಗಿ ಕೂರುವ ಬಂದೂಕುಗಾರರ ತಿರುಪುಳಿಯನ್ನೇ ಬಳಸಿ. ಕಿತ್ತುಹೋದ ತಿರುಪಿನ ತಲೆ ಹಿಂದಿನ ಮಾಲೀಕನ ಒರಟುತನವನ್ನು ಸಾರಿ ಹೇಳುತ್ತದೆ.

ಮನೆಯಲ್ಲಿ ಮಕ್ಕಳಿರಲಿ ಬಿಡಲಿ, ತಿಜೋರಿಗೆ ಬೀಗವಿರಲಿ, ತೋಟಾಗಳು ಅದರೊಳಗಿರದಿರಲಿ. ಹೆಸರಿನ ಹೋಲಿಕೆಯಿಂದ ಮೋಸಹೋಗುವವರಿಗೆ ಒಂದು ಎಚ್ಚರಿಕೆ: .38 ಎಸ್ ಅಂಡ್ ಡಬ್ಲ್ಯು ತೋಟಾ ಗಿಡ್ಡ ಮತ್ತು ದಪ್ಪ, .38 ಸ್ಪೆಷಲ್ ಉದ್ದ ಮತ್ತು ಸಣಕಲು. ಬ್ಯಾಂಕರ್ಸ್ ಸ್ಪೆಷಲ್‌ಗೂ ಟೆರಿಯರ್‌ಗೂ ಬೇಕಾದದ್ದು ಮೊದಲನೆಯದು, ಡಿಟೆಕ್ಟಿವ್‌ಗೆ ಎರಡನೆಯದು, ಒಂದರ ಬದಲು ಇನ್ನೊಂದು ಸಲ್ಲದು. ಅಪರೂಪದ ಪ್ರತಿಯಿಂದ ಗುಂಡು ಹಾರಿಸುವುದನ್ನೇ ನಾನು ಒಪ್ಪುವುದಿಲ್ಲ. ಹಾರಿಸುವ ಆಸೆಯಿದ್ದರೆ ಲೇಪ ಕೆಟ್ಟ, ಯಂತ್ರ ಗಟ್ಟಿಯಿರುವ ಎರಡನೆಯ ಸರಣಿಯ ಡಿಟೆಕ್ಟಿವ್ ಒಂದನ್ನು ಬೇರೆಯಾಗಿ ಕೊಂಡು, ಬಂದೂಕು ಬಲ್ಲವರಿಂದ ಪರೀಕ್ಷೆ ಮಾಡಿಸಿ, ಸಾಧಾರಣ ಒತ್ತಡದ ತೋಟಾವನ್ನೇ ಬಳಸಬೇಕು.

ಪ್ರತಿಯೊಂದರ ಎರಡೂ ಬದಿ, ಹಿಡಿಯ ಬುಡ, ಸಂಖ್ಯೆಗಳು, ಇವುಗಳ ಫೋಟೋ ತೆಗೆದು, ಕೊಂಡ ರಸೀದಿ ಮತ್ತು ಕಾರ್ಖಾನೆಯ ಪತ್ರದ ನಕಲಿನೊಡನೆ ತಿಜೋರಿಯಿಂದ ಬೇರೆ ಕಡೆ ಇಡಿ. ಮನೆಯ ಸಾಮಾನ್ಯ ವಿಮೆ ಇಂಥ ವಸ್ತುಗಳಿಗೆ ಪೂರ್ತಿ ಬೆಲೆ ಕೊಡದಿರಬಹುದಾದ್ದರಿಂದ ವಿಮಾ ಕಂಪನಿಗೂ ಪಟ್ಟಿ ಕೊಟ್ಟಿರಿ. ಮನೆಯವರಿಗೆ ಕನ್ನಡದಲ್ಲೇ ಒಂದು ಹಾಳೆ ಬರೆದಿಡುವುದೂ ಒಳ್ಳೆಯದು: ಯಾವುದಕ್ಕೆ ಎಷ್ಟು ಕೊಟ್ಟದ್ದು, ಯಾವುದು ಅಸಲಿ, ಯಾವುದರ ಬಗ್ಗೆ ಅನುಮಾನವಿದೆ, ಸತ್ತ ಮೇಲೆ ಇವನ್ನು ಪರವಾನಗಿಯುಳ್ಳ ಯಾವ ವ್ಯಾಪಾರಿಯ ಮೂಲಕ ವರ್ಗಾಯಿಸಬೇಕು ಎಂದು. ನನ್ನ ಹಾಳೆಯಲ್ಲಿ ಆ ನಾಲ್ಕು ಇಂಚಿನ ಪತ್ರದ ಬಗ್ಗೆಯೂ ಒಂದು ಸಾಲಿದೆ, ರಿವಾಲ್ವರ್ ಇಲ್ಲದ ಪತ್ರ ಇಲ್ಲೇಕಿದೆ ಎಂದು ಮಗಳು ತಿಜೋರಿಯೆಲ್ಲ ಹುಡುಕದಿರಲೆಂದು.